ಕಂಪ್ಯೂಟರ್ ಬೆವರಿದ ರಾತ್ರಿ: ಸೊನ್ನೆಗಿಂತ ಕೆಳಗೆ ತಣ್ಣಗಿಟ್ಟರೆ ನೀರು ಎಲ್ಲಿಂದ ಬರುತ್ತದೆ?

ತಿಳವಳ್ಳಿಯಿಂದ ಮಾತಾಡ್ತಿದ್ದೀನಿ. ಹೊರಗೆ ಮಳೆ ಹಿಡಿದಿದೆ. ತಗಡಿನ ಮೇಲೆ ಬೀಳೋ ಸದ್ದು ನಿಮಗೂ ಕೇಳಿಸ್ತಿರಬಹುದು. ಇವತ್ತು ಅದನ್ನ ಎಡಿಟ್‌ನಲ್ಲಿ ತೆಗೆಯೋದಿಲ್ಲ, ಯಾಕಂದ್ರೆ ಇವತ್ತಿನ ವಿಷಯವೇ ಗಾಳಿಯಲ್ಲಿರೋ ನೀರು.

ಹೋದ ಕಂತಿನಲ್ಲಿ "ನನ್ನ ಕಂಪ್ಯೂಟರ್ ನೀರು ಬಿದ್ದು ಸುಟ್ಟಿತ್ತು" ಅಂತ ಒಂದೇ ಮಾತಲ್ಲಿ ಹೇಳಿ ಮುಂದೆ ಹೋಗಿದ್ದೆ. "ನೀರು ಯಾರು ಚೆಲ್ಲಿದ್ರು?" ಅಂತ ಬಹಳ ಜನ ಕೇಳಿದ್ರಿ. ಯಾರೂ ಚೆಲ್ಲಲಿಲ್ಲ. ನಾನೇ ನನ್ನ ಕೈಯಾರೆ ಗಾಳಿಯಿಂದ ನೀರು ಇಳಿಸಿ, ನನ್ನ ಮದರ್‌ಬೋರ್ಡ್ ಮೇಲೆ ಸುರಿದುಕೊಂಡೆ.

ನನ್ನ ರೂಮು ಮಾಳಿಗೆ ಮೇಲಿನ ತಗಡಿನ ರೂಮು. ಏಪ್ರಿಲ್ ಮಧ್ಯಾಹ್ನ ಒಳಗೆ ಕೂತ್ರೆ ತಲೆ ಕಾಯ್ತದೆ, ಕಂಪ್ಯೂಟರ್ ಅಂತೂ ಕೇಳಲೇಬೇಡಿ. ಆಗಲೇ ನನಗೆ ಓವರ್‌ಕ್ಲಾಕಿಂಗ್ ಹುಚ್ಚು ಹತ್ತಿತ್ತು. ಅಂದ್ರೆ ಪ್ರೊಸೆಸರನ್ನ ಕಂಪನಿ ಹೇಳಿದ ವೇಗಕ್ಕಿಂತ ಜೋರಾಗಿ ಓಡಿಸೋದು. ಜೋರಾಗಿ ಓಡಿದ್ರೆ ಬಿಸಿ ಜಾಸ್ತಿ. ತಣ್ಣಗಿಟ್ಟಷ್ಟೂ ಇನ್ನೂ ಓಡಿಸಬಹುದು. ಯೂಟ್ಯೂಬ್‌ನಲ್ಲಿ ದ್ರವ ಸಾರಜನಕ ಸುರಿದು ದಾಖಲೆ ಮಾಡೋರನ್ನ ನೋಡಿದ್ದೆ. ಆದ್ರೆ ಅದು ಹತ್ತು ನಿಮಿಷದ ಆಟ. ನನಗೆ ಬೇಕಾಗಿದ್ದು ಹಗಲೂ ರಾತ್ರಿ ಓಡೋ ತಣ್ಣನೆ ಕಂಪ್ಯೂಟರ್.

ನಮ್ಮ ಕಡೆ ಫ್ರಿಜ್ ರಿಪೇರಿ ಮಾಡೋ ಕಾಕಾ ಒಬ್ರು ಇದ್ದಾರೆ. ಹಳೇ ಡೀಪ್ ಫ್ರೀಜರ್ ಒಂದರ ಕಂಪ್ರೆಸರ್ ಅವರ ಹತ್ರ ಬಿದ್ದಿತ್ತು. ವಿಷಯ ಹೇಳಿದೆ. "ಏನೋ ತಮ್ಮಾ, ಬಿಕಾಂ ಓದಿ ಫ್ರಿಜ್‌ನ್ಯಾಗ ಕಂಪ್ಯೂಟರ್ ಇಡ್ತಿಯೇನು? ನೀರು ಬಿಡ್ತದ ನೋಡು ಅದು" ಅಂದ್ರು. ಕಾಕಾ ಅವತ್ತೇ ಹೇಳಿದ್ರು. ನಾನು ನಕ್ಕೆ.

ಏನು ಮಾಡಿದ್ವಿ ಅಂದ್ರೆ, ತಣ್ಣನೆ ಕಾಯಿಲನ್ನ ಒಂದು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಇಳಿಸಿದ್ವಿ. ಅದರ ತುಂಬ ಟ್ರ್ಯಾಕ್ಟರ್ ರೇಡಿಯೇಟರಿಗೆ ಹಾಕೋ ಕೂಲಂಟ್. ಒಂದು ಸಣ್ಣ ಪಂಪು ಆ ಕೂಲಂಟನ್ನ ಪ್ರೊಸೆಸರ್ ಮೇಲಿನ ತಾಮ್ರದ ಬ್ಲಾಕಿಗೆ ಒಯ್ದು ವಾಪಸ್ ತರ್ತಿತ್ತು. ಪೆಟ್ಟಿಗೆಯ ಉಷ್ಣತೆ ಮೈನಸ್ 6 ಡಿಗ್ರಿ. ಸಾಕೆಟ್ ಸುತ್ತ ಸೋಫಾ ರಿಪೇರಿಯಲ್ಲಿ ಉಳಿದ ಸ್ಪಂಜು ತುಂಬಿ ಟೇಪ್ ಸುತ್ತಿದೆ. ಆ ಸ್ಪಂಜಿನ ಬಗ್ಗೆ ಆಮೇಲೆ ಹೇಳ್ತೀನಿ.

ಏಪ್ರಿಲ್, ಮೇ ಎರಡೂ ತಿಂಗಳು ಚೆಂದ ಓಡ್ತು. ಊರಲ್ಲೆಲ್ಲ ಹೇಳ್ಕೊಂಡು ತಿರುಗಿದೆ. ಜೂನ್ ಬಂತು, ಮಳೆ ಬಂತು. ಹಾನಗಲ್ ಕಡೆ ಮಳೆ ಹಿಡೀತು ಅಂದ್ರೆ ನಿಮಗೆ ಗೊತ್ತು, ಅರೆ ಮಲೆನಾಡು ನಮ್ಮದು. ಒಣಹಾಕಿದ ಬಟ್ಟೆ ಮೂರು ದಿನ ಆದ್ರೂ ಒಣಗಲ್ಲ. ಒಂದು ರಾತ್ರಿ ಹನ್ನೊಂದಕ್ಕೆ ಕರೆಂಟ್ ಹೋಯ್ತು. ಮನೆಯಲ್ಲಿ ಇನ್ವರ್ಟರ್ ಇದೆ, ಕಂಪ್ಯೂಟರ್ ಓಡ್ತಾನೇ ಇತ್ತು. "ಆಹಾ, ನಿಲ್ಲಲಿಲ್ಲ" ಅಂತ ಖುಷಿಪಟ್ಟು ಮಲಗಿದೆ. ಬೆಳಗ್ಗೆ ನೋಡಿದ್ರೆ ಪರದೆ ಕಪ್ಪು, ಸುಟ್ಟ ವಾಸನೆ, ಬೋರ್ಡಿನ ಕೆಳಗೆ ಬೆರಳು ಅದ್ದುವಷ್ಟು ನೀರು.

ಇದು ಹೇಗಾಯ್ತು ಅನ್ನೋದನ್ನ ಲೆಕ್ಕ ಹಾಕಿ ತಿಳ್ಕೊಳ್ಳೋಕೆ ನನಗೆ ಎರಡು ತಿಂಗಳು ಹಿಡೀತು. ಬನ್ನಿ, ಆ ಲೆಕ್ಕ ನೋಡೋಣ.

ಫ್ರಿಜ್‌ನಿಂದ ತೆಗೆದ ಬಾಟ್ಲಿ ಮೇಲೆ ಹನಿ ಕೂಡ್ತದಲ್ಲ, ಅದು ಬಾಟ್ಲಿಯೊಳಗಿನ ನೀರಲ್ಲ, ಗಾಳಿಯ ನೀರು. ಗಾಳಿಯನ್ನ ತಣ್ಣಗೆ ಮಾಡ್ತಾ ಹೋದ್ರೆ ಒಂದು ಹಂತದಲ್ಲಿ ಅದಕ್ಕೆ ತನ್ನ ನೀರನ್ನ ಹಿಡಿದಿಟ್ಕೊಳ್ಳೋಕೆ ಆಗಲ್ಲ, ಬಿಟ್ಟುಬಿಡ್ತದೆ. ಆ ಹಂತಕ್ಕೆ ಇಬ್ಬನಿ ಬಿಂದು ಅಂತಾರೆ. ಯಾವುದೇ ವಸ್ತು ಅದಕ್ಕಿಂತ ತಣ್ಣಗಿದ್ರೆ ಅದರ ಮೇಲೆ ನೀರು ಕೂಡ್ತದೆ. ಸೊನ್ನೆಗಿಂತ ಕೆಳಗಿದ್ರೆ ಮಂಜಾಗಿ ಕೂಡ್ತದೆ.

ನಮ್ಮ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳನ್ನ ಕೇಳಿ. ಕೋಲ್ಡ್ ಸ್ಟೋರೇಜ್‌ನಿಂದ ಚೀಲ ತೆಗೆದು ಮಳೆಗಾಲದ ಗಾಳಿಗೆ ಒಮ್ಮೆಲೇ ಇಟ್ರೆ ಕಾಯಿ ಬೆವರ್ತದೆ, ಬೂಸು ಹಿಡಿಯೋ ಭಯ. ಅದೇ ವಿಜ್ಞಾನ ಇದು.

ಈಗ ಅಂಕಿ. ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಬಿಸಿಲು, 25 ಪರ್ಸೆಂಟ್ ತೇವಾಂಶ ಅಂತ ಇಟ್ಕೊಳ್ಳಿ. ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 11ರಿಂದ 12 ಗ್ರಾಂ ನೀರು ಇರ್ತದೆ, ಇಬ್ಬನಿ ಬಿಂದು 14-15 ಡಿಗ್ರಿ. ಜೂನ್‌ನಲ್ಲಿ 26 ಡಿಗ್ರಿ, 90 ಪರ್ಸೆಂಟ್. ಆಗ ಸುಮಾರು 22 ಗ್ರಾಂ ನೀರು, ಇಬ್ಬನಿ ಬಿಂದು 24 ಡಿಗ್ರಿ. ಮೈನಸ್ 6 ಡಿಗ್ರಿಯಲ್ಲಿ ಗಾಳಿ ಹಿಡಿದಿಡೋದು ಹೆಚ್ಚಂದ್ರೆ 3 ಗ್ರಾಂ. ಉಳಿದ 19 ಗ್ರಾಂ ಎಲ್ಲಿ ಹೋಗ್ಬೇಕು? ನನ್ನ ಸಾಕೆಟ್ ಮೇಲೆ.

ಗಮನಿಸಿ, ಏಪ್ರಿಲ್‌ನಲ್ಲೂ ನಾನು ಇಬ್ಬನಿ ಬಿಂದುವಿಗಿಂತ 20 ಡಿಗ್ರಿ ಕೆಳಗೇ ಇದ್ದೆ. ಆಗಲೂ ಸ್ಪಂಜಿನೊಳಗೆ ಮಂಜು ಕೂಡ್ತಾನೇ ಇತ್ತು, ನಿಧಾನಕ್ಕೆ. ಮಂಜುಗಡ್ಡೆ ಗಟ್ಟಿಯಾಗಿ ಕೂತಿದ್ದಲ್ಲೇ ಕೂತಿರ್ತದೆ, ಹರಿಯೋದಿಲ್ಲ. ಅದಕ್ಕೇ ಏನೂ ಆಗಿರಲಿಲ್ಲ. ಕರೆಂಟ್ ಹೋದ ರಾತ್ರಿ ಏನಾಯ್ತು? ಇನ್ವರ್ಟರ್ ತಡೆಯೋದಿಲ್ಲ ಅಂತ ಕಂಪ್ರೆಸರನ್ನ ಅದಕ್ಕೆ ಕೊಟ್ಟಿರಲಿಲ್ಲ. ಕಂಪ್ಯೂಟರ್ ಮಾತ್ರ ಇನ್ವರ್ಟರ್ ಮೇಲೆ. ತಣ್ಣಗೆ ಮಾಡೋದು ನಿಂತಿತು, ಬಿಸಿ ಮಾಡೋದು ಮುಂದುವರೀತು. ಎರಡು ತಿಂಗಳು ಕೂಡಿಟ್ಟ ಮಂಜು ಒಂದೇ ರಾತ್ರಿಗೆ ಕರಗಿ, ಚಾಲು ಇರೋ ಬೋರ್ಡಿನ ಮೇಲೆ ಹರೀತು. ನಾನು ಯಾವುದನ್ನ ರಕ್ಷಣೆ ಅಂದ್ಕೊಂಡಿದ್ದೆನೋ, ಆ ಇನ್ವರ್ಟರೇ ಬೋರ್ಡನ್ನ ಕೊಂದಿತು.

ಹಾಗಾದ್ರೆ ಸರಿಯಾಗಿ ಮಾಡೋದು ಹೇಗೆ? ಮೊದಲನೇ ಮಾತು: ತಡೀಬೇಕಾಗಿದ್ದು ನೀರನ್ನಲ್ಲ, ಗಾಳಿಯನ್ನ. ತಣ್ಣನೆ ಜಾಗಕ್ಕೆ ಗಾಳಿ ಮುಟ್ಟದಿದ್ರೆ ನೀರಿನ ಮಾತೇ ಇಲ್ಲ.

ದೊಡ್ಡವರು ಮಾಡೋದೂ ಇದನ್ನೇ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಇಟಿಎ ಸಿಸ್ಟಮ್ಸ್ ಅನ್ನೋ ಕಂಪನಿ ಇಟಿಎ-10 ಅನ್ನೋ ಸೂಪರ್ ಕಂಪ್ಯೂಟರ್ ಮಾಡ್ತು. ಅದರ ದೊಡ್ಡ ಮಾದರಿಗಳಲ್ಲಿ ಪ್ರೊಸೆಸರ್ ಬೋರ್ಡನ್ನ ದ್ರವ ಸಾರಜನಕದಲ್ಲೇ ಮುಳುಗಿಸಿ ಓಡಿಸ್ತಿದ್ರು, ಹೆಚ್ಚುಕಮ್ಮಿ ಮೈನಸ್ 196 ಡಿಗ್ರಿಯಲ್ಲಿ. ಪೂರ್ತಿ ಮುಳುಗಿದ ಮೇಲೆ ಗಾಳಿಗೆ ಜಾಗ ಎಲ್ಲಿ?

ನಮ್ಮ ಹತ್ತಿರದ ಉದಾಹರಣೆ ಬೇಕಂದ್ರೆ ಹೊಸಕೋಟೆಗೆ ಬನ್ನಿ. ಲಡಾಖ್‌ನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ ಭಾರತೀಯ ಖಭೌತ ಸಂಸ್ಥೆಯ 2 ಮೀಟರ್ ದೂರದರ್ಶಕ ಇದೆ, ಹಿಮಾಲಯನ್ ಚಂದ್ರ ಟೆಲಿಸ್ಕೋಪ್. ಅದನ್ನ ಉಪಗ್ರಹ ಸಂಪರ್ಕದ ಮೂಲಕ ಹೊಸಕೋಟೆಯಲ್ಲಿ ಕೂತು ನಡೆಸ್ತಾರೆ. ಅದರ ಕ್ಯಾಮೆರಾದ ಸಿಸಿಡಿ ಚಿಪ್ಪನ್ನ ದ್ರವ ಸಾರಜನಕದಿಂದ ತಣ್ಣಗಿಡ್ತಾರೆ. ಚಿಪ್ ಇರೋದು ಡ್ಯೂವರ್ ಅನ್ನೋ ಪಾತ್ರೆಯೊಳಗೆ, ಒಳಗಿನ ಗಾಳಿಯನ್ನೆಲ್ಲ ಎಳೆದು ನಿರ್ವಾತ ಮಾಡಿರ್ತಾರೆ. ನಮ್ಮ ಥರ್ಮಾಸ್ ಫ್ಲಾಸ್ಕ್ ಇದೆಯಲ್ಲ, ಅದರ ಅಣ್ಣ ಅಂದ್ಕೊಳ್ಳಿ.

ನಮಗೆ ಮನೆಯಲ್ಲಿ ನಿರ್ವಾತ ಆಗಲ್ಲ. ಹಾಗಾಗಿ ಗಾಳಿಗೆ ಒಂದು ಸಂದೂ ಸಿಗದ ಹಾಗೆ ತುಂಬಬೇಕು.

ಸ್ಪಂಜಿನ ವಿಷಯಕ್ಕೆ ಬರ್ತೀನಿ. ಸೋಫಾ ಸ್ಪಂಜಿನ ರಂಧ್ರ ಎಲ್ಲ ಒಂದಕ್ಕೊಂದು ಕೂಡಿರ್ತವೆ. ಗಾಳಿ ಒಳಗೆ ಓಡಾಡ್ತದೆ, ನೀರು ಹೀರ್ತದೆ. ಬೇಕಾಗಿದ್ದು ಎಸಿ ಮೆಕ್ಯಾನಿಕ್‌ಗಳು ತಾಮ್ರದ ಪೈಪಿಗೆ ಹಾಕ್ತಾರಲ್ಲ, ಆ ಕರೀ ರಬ್ಬರ್ ಫೋಮ್. ಅದರ ಒಂದೊಂದು ರಂಧ್ರವೂ ಮುಚ್ಚಿದ ಗುಳ್ಳೆ. ಪೈಪಿಗೂ ಅದೇ, ಬ್ಲಾಕಿಗೂ ಅದೇ, ಕೂಡೋ ಜಾಗಕ್ಕೆಲ್ಲ ಅಂಟು. ಫೋಮಿನ ಹೊರಮೈ ಮುಟ್ಟಿದ್ರೆ ತಣ್ಣಗೆ ಅನ್ನಿಸಿದ್ರೆ ದಪ್ಪ ಸಾಲದು ಅಂತ ಅರ್ಥ. ಹೊರಮೈ ಕೂಡ ಇಬ್ಬನಿ ಬಿಂದುವಿಗಿಂತ ಮೇಲಿರಬೇಕು, ಇಲ್ಲಾಂದ್ರೆ ಅದೇ ಬೆವರ್ತದೆ.

ಸಾಕೆಟ್ ಒಳಗೆ, ಪಿನ್‌ಗಳ ನಡುವಿನ ಸಂದಿಗೆ ಡೈಎಲೆಕ್ಟ್ರಿಕ್ ಗ್ರೀಸ್ ತುಂಬಬೇಕು. ಬೋರ್ಡಿನ ಸುತ್ತಲ ಭಾಗಕ್ಕೆ ಕನ್ಫಾರ್ಮಲ್ ಕೋಟಿಂಗ್, ಅಂದ್ರೆ ವಿದ್ಯುತ್ ಹಾಯದ ವಾರ್ನಿಶ್. ಕೆಲವರು ಬಣ್ಣ ಇಲ್ಲದ ನೇಲ್ ಪಾಲಿಶ್ ಹಚ್ತಾರೆ. ಕೋಟಿಂಗ್ ಎರಡನೇ ಕಾವಲುಗಾರ ಮಾತ್ರ, ಅದೊಂದೇ ನಂಬಬೇಡಿ.

ಬಹಳ ಜನ ಮರೆಯೋದು ಬೋರ್ಡಿನ ಹಿಂಭಾಗ. ಮುಂದೆ ತಣ್ಣಗಾದ್ರೆ ಸಾಕೆಟ್ ಹಿಂದೆಯೂ ತಣ್ಣಗಾಗ್ತದೆ. ಅಲ್ಲಿಗೂ ಫೋಮ್ ಬೇಕು. ದಿನಗಟ್ಟಲೆ ಓಡಿಸೋರು ಅಲ್ಲೊಂದು ಸಣ್ಣ ಹೀಟರ್ ಪಟ್ಟಿ ಕೂಡ ಹಾಕ್ತಾರೆ.

ಸಿಲಿಕೋನ್ ಬಳಿಯೋದಾದ್ರೆ ಮೂಸಿ ನೋಡಿ. ವಿನೆಗರ್ ವಾಸನೆ ಬಂದ್ರೆ ಅದು ಒಣಗುವಾಗ ಆಮ್ಲ ಬಿಡ್ತದೆ, ತಾಮ್ರವನ್ನ ತಿನ್ತದೆ. ನ್ಯೂಟ್ರಲ್ ಅಂತ ಬರೆದಿದ್ದು ಕೇಳಿ ತಗೊಳ್ಳಿ.

ಇನ್ನು ಕರೆಂಟ್. ಕಂಪ್ರೆಸರ್ ನಿಂತ್ರೆ ಕಂಪ್ಯೂಟರೂ ನಿಲ್ಲಬೇಕು. ಕಂಪ್ಯೂಟರ್ ನಿಂತ್ರೆ ಕಂಪ್ರೆಸರೂ ನಿಲ್ಲಬೇಕು, ಇಲ್ಲಾಂದ್ರೆ ಬಿಸಿ ಕೊಡೋರಿಲ್ಲದೆ ಅದು ಇನ್ನೂ ಕೆಳಗಿಳೀತದೆ. ಎರಡನ್ನೂ ರಿಲೇ ಹಾಕಿ ಜೋಡಿ ಮಾಡಿ. ನಿಂತ ಮೇಲೆ ಗೋಡೆ ಸ್ವಿಚ್ ತೆಗೀಬೇಕು. ಶಟ್‌ಡೌನ್ ಮಾಡಿದ್ರೂ ಬೋರ್ಡಿನಲ್ಲಿ 5 ವೋಲ್ಟ್ ಸ್ಟ್ಯಾಂಡ್‌ಬೈ ಕರೆಂಟ್ ಇರ್ತದೆ, ಕರಗಿದ ನೀರು ಧೂಳಿನ ಜೊತೆ ಸೇರಿದ್ರೆ ತುಕ್ಕು ಹಿಡಿಸೋಕೆ ಅಷ್ಟೇ ಸಾಕು. ಕರೆಂಟ್ ಬಂತು ಅಂತ ಚಾಲು ಮಾಡಬಾರದು. ಬಿಚ್ಚಿ, ಪೂರ್ತಿ ಒಣಗಿಸಿ, ಆಮೇಲೆ. ದಿನಕ್ಕೊಮ್ಮೆಯಾದ್ರೂ ಕರೆಂಟ್ ಹೋಗೋ ಊರಲ್ಲಿ ಇದು ಆಗೋ ಮಾತಾ? ನೀವೇ ಹೇಳಿ.

ಇನ್ನೊಂದು ದಾರಿ ಇದೆ, ನನಗೆ ಅದೇ ಸರಿ ಅನ್ನಿಸ್ತದೆ. ಇಬ್ಬನಿ ಬಿಂದುವಿಗಿಂತ ಕೆಳಗೆ ಇಳಿಯದೇ ಇರೋದು. 2020ರಲ್ಲಿ ಇಂಟೆಲ್ ಕ್ರಯೋ ಅನ್ನೋ ತಂತ್ರಜ್ಞಾನ ತಂದಿತ್ತು, ವಿದ್ಯುತ್ತಿನಿಂದಲೇ ತಣ್ಣಗಾಗೋ ಪ್ಲೇಟ್ ಇರೋ ಕೂಲರ್. ರೂಮಿನ ಉಷ್ಣತೆ, ತೇವಾಂಶ ಎರಡನ್ನೂ ಸೆನ್ಸರ್ ಅಳೆದು, ಇಬ್ಬನಿ ಬಿಂದುವಿನ ಹತ್ರ ಬಂದ ಕೂಡಲೇ ತಣ್ಣಗೆ ಮಾಡೋದನ್ನ ಕಡಿಮೆ ಮಾಡ್ತಿತ್ತು. 2023ರಲ್ಲಿ ಅದನ್ನೂ ನಿಲ್ಲಿಸಿದ್ರು. ಬುದ್ಧಿ ಮಾತ್ರ ನಮಗೆ ಉಪಯೋಗಕ್ಕೆ ಬರ್ತದೆ: ಒಂದು ಸಣ್ಣ ತೇವಾಂಶ ಮೀಟರ್ ತಂದು ಮೇಜಿನ ಮೇಲಿಡಿ, ಕೂಲಂಟನ್ನ ಇಬ್ಬನಿ ಬಿಂದುವಿಗಿಂತ 3-4 ಡಿಗ್ರಿ ಮೇಲೇ ಇಡಿ. ನಮ್ಮ ಜೂನ್‌ನಲ್ಲಿ ಹಾಗಂದ್ರೆ 27-28 ಡಿಗ್ರಿ. ಅಲ್ಲಿಗೆ ಸಾದಾ ಫ್ಯಾನೇ ಸಾಕು, ಕಂಪ್ರೆಸರ್ ಯಾಕೆ ಬೇಕು!

ಬಿಕಾಂ ಓದಿದವನು, ಲೆಕ್ಕ ಬರೆಯದೆ ಬಿಡಲ್ಲ. ಸಾಮಾನಿಗೆ 9,500 ರೂಪಾಯಿ. ಕಂಪ್ರೆಸರಿಗೆ ದಿನಕ್ಕೆ 8 ಯೂನಿಟ್ ಕರೆಂಟ್. ಲಾಭ? 22 ನಿಮಿಷಕ್ಕೆ ಆಗ್ತಿದ್ದ ರೆಂಡರ್ 19 ನಿಮಿಷಕ್ಕೆ ಆಯ್ತು. ಮೂರು ನಿಮಿಷ. ನಷ್ಟದ ಕಡೆ ಮದರ್‌ಬೋರ್ಡ್ 11,500 ಮತ್ತು ಸಾಕೆಟ್ ಕೆಳಗೇ ಕೂತಿದ್ದ ಎಸ್‌ಎಸ್‌ಡಿ. ಹುಬ್ಬಳ್ಳಿಗೆ ಒಯ್ದು ತೋರಿಸಿದೆ, ಕಂಟ್ರೋಲರ್ ಚಿಪ್ಪೇ ಹೋಗಿದೆ ಅಂದ್ರು.

ಆ ಎಸ್‌ಎಸ್‌ಡಿಯಲ್ಲಿ ನಮ್ಮ ಓಣಿಯ ಆಯಿ ಒಬ್ಬರು ಹಾಡಿದ ಬೀಸೋಕಲ್ಲಿನ ಪದ ಇದ್ವು. ಹನ್ನೊಂದು ಪದ. ಇನ್ನೊಂದು ಕಡೆ ಕಾಪಿ ಮಾಡಿರಲಿಲ್ಲ. ವೇಗದ ಮೇಲಿದ್ದ ಗಮನ ಅದರ ಮೇಲೆ ಇರಲಿಲ್ಲ ನನಗೆ. ಹೋಗಿ ಹೇಳಿದೆ. "ಹೋದ್ರ ಹೋತು ಬಿಡೋ, ಮತ್ತ ಹಾಡ್ತೀನಿ ಬಾ" ಅಂದ್ರು. ಮೈಕ್ ಇಟ್ಟು ಕೂತೆ. ಏಳು ನೆನಪಾದ್ವು. ಉಳಿದ ನಾಲ್ಕಕ್ಕೆ ಕಣ್ಣು ಮುಚ್ಚಿ ಬಹಳ ಹೊತ್ತು ಕೂತ್ರು. ಬಂದ್ವು ಅಂದ್ಕೊಂಡ್ರು, ಬರಲಿಲ್ಲ. ಆ ಏಳು ಈಗ ಮೂರು ಕಡೆ ಇವೆ.

ಕಾಕಾ ಕಂಪ್ರೆಸರನ್ನ ವಾಪಸ್ ಒಯ್ದ್ರು. ಅಂದಹಾಗೆ ಮನೆಯ ಹೊಸ ಫ್ರಿಜ್ ಬಿಚ್ಚೋಕೆ ಹೋಗಬೇಡಿ. ಈಗಿನ ಬಹಳಷ್ಟು ಫ್ರಿಜ್‌ಗಳಲ್ಲಿ ಇರೋದು ಆರ್-600ಎ ಗ್ಯಾಸ್, ಬೆಂಕಿ ಹತ್ತೋ ಗ್ಯಾಸ್.

ಕೊನೆಗೆ, ಕಂಪ್ಯೂಟರ್ ಬಿಚ್ಚದೇ ಇರೋರಿಗೂ ಒಂದು ಮಾತು. ಎಸಿ ಬಸ್ಸಿನಲ್ಲಿ ರಾತ್ರಿಯೆಲ್ಲ ತಣ್ಣಗಾದ ಲ್ಯಾಪ್‌ಟಾಪ್ ಹಿಡಿದು ಮಳೆಗಾಲದ ಬೆಳಗ್ಗೆ ಹಾವೇರಿಯಲ್ಲಿ ಇಳಿದ್ರೆ, ತಕ್ಷಣ ಬ್ಯಾಗ್‌ನಿಂದ ತೆಗೆದು ಚಾಲು ಮಾಡಬೇಡಿ. ಬ್ಯಾಗಿನ ಜಿಪ್ ಹಾಕಿದ್ದು ಹಾಗೇ ಇರಲಿ, ಒಂದು ತಾಸು. ಅದು ಊರಿನ ಗಾಳಿಯಷ್ಟು ಬೆಚ್ಚಗಾಗ್ಲಿ. ಅಷ್ಟರಲ್ಲಿ ನೀವೂ ಒಂದು ಚಹಾ ಕುಡೀರಿ.

ನಿಮ್ಮ ಕಡೆ ಇಂಥ ಪ್ರಯೋಗ ಯಾರಾದ್ರೂ ಮಾಡಿದ್ರೆ ಬರೆದು ಕಳಿಸಿ, ಮುಂದಿನ ಕಂತಿನಲ್ಲಿ ಓದ್ತೀನಿ. ಮಳೆ ಜೋರಾಯ್ತು, ಕರೆಂಟ್ ಹೋಗೋ ಮೊದಲು ಇದನ್ನ ಸೇವ್ ಮಾಡ್ತೀನಿ, ಎರಡು ಕಡೆ. ಬರ್ತೀನಿ ರೀ, ನಮಸ್ಕಾರ.