ಸಾಲ ಬದಲಿಸುವ ಮೊದಲು ಆ ಪತ್ರದ ಲೆಕ್ಕ ಓದಿ

(ಉಪ್ಪಳದ ಮಾಹಿತಿ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ಬ್ಯಾಂಕಿನವನಲ್ಲ. ನಮ್ಮ ಮನೆಯಲ್ಲೇ ಆದ ಒಂದು ಎಡವಟ್ಟಿನಿಂದ ಕಲಿತದ್ದನ್ನು ಹೇಳ್ಲಿಕ್ಕೆ ಬಂದದ್ದು. ನನ್ನ ಅಕ್ಕ ಮನೆ ಕಟ್ಟಿಸುವಾಗ ಜಾಗ ಈಡಿಟ್ಟು ಸಾಲ ಮಾಡಿದ್ದರು. ಬಡ್ಡಿ ಕಡಿಮೆ ಅಂತ ಕೆಲವು ವರ್ಷ ಕಳೆದು ಅದನ್ನು ಇನ್ನೊಂದು ಬ್ಯಾಂಕಿಗೆ ಬದಲಿಸಿದರು. ಹಳೆಯವರ ಪತ್ರದಲ್ಲಿದ್ದ ಮೊತ್ತವನ್ನು ಹೊಸ ಬ್ಯಾಂಕು ಕಟ್ಟಿತು. ಸಾಲ ತೀರಿತು ಅಂತ ನಾವೆಲ್ಲ ನಿಶ್ಚಿಂತೆಯಲ್ಲಿದ್ದೆವು. ಎರಡು ತಿಂಗಳಾದರೂ ಜಾಗದ ಆಧಾರಪತ್ರ ಬಿಟ್ಟುಕೊಡಲಿಲ್ಲ. ಹೋಗಿ ಕೇಳಿದರೆ ಎಂತ ಹೇಳಿದರು ಗೊತ್ತುಂಟಾ? ಎರಡು ಸಾವಿರ ಚಿಲ್ಲರೆ ಬಾಕಿ ಉಂಟಂತೆ!

ಹಣ ತಲುಪುವಾಗ ಐದು ದಿನ ತಡವಾಗಿತ್ತು, ಅಷ್ಟೇ. 'ಈ ಮೊತ್ತ ಇಂಥ ದಿನದವರೆಗೆ ಮಾತ್ರ' ಎಂದು ಪತ್ರದ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು. ಕೌಂಟರಿನಲ್ಲಿ ಮಲಯಾಳದಲ್ಲಿ ಹೇಳಿದ್ದರಂತೆ. ಕನ್ನಡ ಶಾಲೆಯಲ್ಲಿ ಓದಿದ ಅಕ್ಕನಿಗೆ ಎರಡೂ ತಲೆಗೆ ಹೋಗಲಿಲ್ಲ.

ಹಾಗಾದರೆ ಆ ಮೊತ್ತ ಬರುವುದು ಹೇಗೆ? ಒಂದು ಉದಾಹರಣೆ ನೋಡೋಣ. ಈ ತಿಂಗಳ 5ನೇ ತಾರೀಕಿಗೆ ಕಂತು ಕಟ್ಟಿದ ಮೇಲೆ ನಿಮ್ಮ ಅಸಲು ಬಾಕಿ 18 ಲಕ್ಷ ರೂಪಾಯಿ, ಬಡ್ಡಿ ವರ್ಷಕ್ಕೆ ಶೇ. 9 ಅಂತ ಇಟ್ಟುಕೊಳ್ಳಿ. ದಿನದ ಬಡ್ಡಿ ಸುಮಾರು 444 ರೂಪಾಯಿ. 20ನೇ ತಾರೀಕಿಗೆ ತೀರಿಸುವುದಾದರೆ 15 ದಿನದ್ದು ಸುಮಾರು 6,660 ರೂಪಾಯಿ ಸೇರಬೇಕು. 25ಕ್ಕೆ ಹೋದರೆ ಇನ್ನೂ 2,220. ಪಾಸ್‌ಬುಕ್ಕಿನ ಮೊತ್ತವೂ ತೀರುವಳಿ ಪತ್ರದ ಮೊತ್ತವೂ ಬೇರೆ ಬೇರೆ ಆಗುವುದು ಇದರಿಂದ. ಅದು ಮೋಸವಲ್ಲ.

ಆದರೆ ಇಡೀ ತಿಂಗಳ ಬಡ್ಡಿ ಹಾಕಿದರೆ ಸುಮ್ಮನಿರಬೇಡಿ. ಸಾಲ ಇದ್ದಷ್ಟು ದಿನಕ್ಕೆ ಮಾತ್ರ ಬಡ್ಡಿ ಎಂದು ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ.

ಆದ್ದರಿಂದ ತೀರುವಳಿ ಪತ್ರ ಕೇಳುವಾಗ ಬಾಯಿಮಾತಿನಲ್ಲಿ ಬೇಡ, ಅರ್ಜಿ ಬರೆದು ಕೊಟ್ಟು ಈ ನಾಲ್ಕನ್ನು ಕೇಳಿ.

ಒಂದು, ಮೊತ್ತ ಯಾವ ದಿನಾಂಕದವರೆಗೆ?
ಎರಡು, ಆಮೇಲೆ ದಿನಕ್ಕೆ ಎಷ್ಟು ಸೇರುತ್ತದೆ?
ಮೂರು, ಅಸಲು, ಬಡ್ಡಿ, ದಂಡ, ಇತರ ಶುಲ್ಕ ಬೇರೆ ಬೇರೆ ಎಷ್ಟು?
ನಾಲ್ಕು, ಈ ನಡುವೆ ಖಾತೆಯಿಂದ ಇನ್ನೊಂದು ಕಂತು ಹೋದರೆ ಅದನ್ನು ಹೇಗೆ ಹಿಂದೆ ಕೊಡುತ್ತೀರಿ?

ಇನ್ನು 'ಅವಧಿಗೆ ಮೊದಲೇ ತೀರಿಸಿದ ಶುಲ್ಕ'. ಬಡ್ಡಿ ದರ ಏರಿಳಿಯುವ ಗೃಹಸಾಲಕ್ಕೆ ಬ್ಯಾಂಕುಗಳು ಈ ಶುಲ್ಕ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಇನ್ನೊಂದು ಬ್ಯಾಂಕಿಗೆ ಬದಲಿಸಿದರೂ ಅದೇ ನಿಯಮ. ದರ ಬದಲಾಗದ ಸಾಲವಾದರೆ ಮಾತ್ರ ಕರಾರು ಪತ್ರ ತೆಗೆದು ನೋಡಿ, ಅಲ್ಲಿ ಶುಲ್ಕ ಇರಬಹುದು.

ಬದಲಿಸುವುದರಿಂದ ಲಾಭವೇ? ಇದೇ 18 ಲಕ್ಷಕ್ಕೆ 15 ವರ್ಷ ಬಾಕಿ ಇದ್ದರೆ, ಶೇ. 9ರಲ್ಲಿ ತಿಂಗಳ ಕಂತು ಸುಮಾರು 18,257 ರೂಪಾಯಿ. ಶೇ. 8.5 ಆದರೆ 17,725. ತಿಂಗಳಿಗೆ 532 ಉಳಿತಾಯ, 15 ವರ್ಷಕ್ಕೆ ಸುಮಾರು 95 ಸಾವಿರ. ಹೊಸ ಬ್ಯಾಂಕಿನ ಸಂಸ್ಕರಣಾ ಶುಲ್ಕ, ವಕೀಲರ ಅಭಿಪ್ರಾಯ, ಜಾಗದ ಮೌಲ್ಯಮಾಪನ, ಮುದ್ರಾಂಕದ ಖರ್ಚನ್ನು ಇದರಲ್ಲಿ ಕಳೆಯಿರಿ.

ಆದರೆ ಅವರು, 'ಅಕ್ಕ, 20 ವರ್ಷ ಮಾಡುವ, ಕಂತು 15,621 ಮಾತ್ರ' ಅಂದರೆ? ಕೇಳ್ಲಿಕ್ಕೆ ಚಂದ. ಒಟ್ಟು ಕಟ್ಟುವುದು ಮಾತ್ರ 32.86 ಲಕ್ಷದಿಂದ 37.49 ಲಕ್ಷಕ್ಕೆ ಏರುತ್ತದೆ. ಬಡ್ಡಿ ದರ ಇಳಿದೂ ನಾಲ್ಕೂವರೆ ಲಕ್ಷಕ್ಕಿಂತ ಹೆಚ್ಚು ಜಾಸ್ತಿ ಹೋಯಿತು ಮಾರಾಯ್ರೆ! ಗಲ್ಫಿನಲ್ಲಿ ಬೆವರು ಹರಿಸಿ ಮಕ್ಕಳು ಕಳಿಸುವ ಹಣ ಅದು.

ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ದಾಖಲೆ ಬಿಟ್ಟುಕೊಡಬೇಕು, ನೋಂದಣಿಯಲ್ಲಿರುವ ಹೊರೆಯನ್ನೂ ತೆಗೆಸಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ನಿಯಮ ಇದು. ಆದರೆ 'ಪೂರ್ತಿ' ಎಂಬ ಮಾತು ನೆನಪಿರಲಿ. ನಮ್ಮ ಅಕ್ಕ ಸಿಕ್ಕಿಬಿದ್ದದ್ದು ಅಲ್ಲೇ. ಬಾಕಿ ಉಳಿದರೆ ಆ 30 ದಿನ ಶುರುವಾಗುವುದೇ ಇಲ್ಲ.

ಕೊನೆಯದಾಗಿ ನಮ್ಮ ಭಾಷೆಯ ಮಾತು. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಗೃಹಸಾಲಗಳಿಗೆ ಬಡ್ಡಿ, ಶುಲ್ಕ, ಕಂತು ಎಲ್ಲ ಇರುವ ಮುಖ್ಯಾಂಶ ಪತ್ರವನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಟ್ಟು, ವಿವರಿಸಿ, ಅರ್ಥವಾಯಿತೆಂದು ಸಹಿ ಪಡೆಯಬೇಕು. ಗಡಿಯ ಈ ಕಡೆ ಇದ್ದೇವೆ ಅಂತ ನಮಗೆ ಆ ಹಕ್ಕು ಇಲ್ಲದೆ ಹೋಗುವುದಿಲ್ಲ. ಹೊಸ ಬ್ಯಾಂಕಿನಲ್ಲಿ 'ಕನ್ನಡದಲ್ಲಿ ಕೊಡಿ' ಎಂದು ಅರ್ಜಿಯಲ್ಲೇ ಬರೆಯಿರಿ. ಅರ್ಥವಾಗದೆ 'ಅರ್ಥವಾಯಿತು' ಎಂಬಲ್ಲಿ ಸಹಿ ಹಾಕಬೇಡಿ. ದೂರು ಕೊಟ್ಟು 30 ದಿನಗಳಲ್ಲಿ ಬ್ಯಾಂಕು ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಮಾಹಿತಿಗೆ 14448ಕ್ಕೆ ಫೋನ್ ಮಾಡಿ.

ಅಕ್ಕ ಆ ಬಾಕಿ ಕಟ್ಟಿ ಖಾತೆ ಮುಚ್ಚಿಸಿದರು. ಈಗ ನೆರೆಕರೆಯವರು ಯಾರಾದರೂ ಸಾಲ ಬದಲಿಸುತ್ತೇನೆ ಅಂದರೆ ಅವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಪತ್ರದಲ್ಲಿ ತಾರೀಕು ಯಾವುದುಂಟು?" ನೀವೂ ಅದನ್ನೇ ಕೇಳಿ.