ನಿಮ್ಮ ಕೈ ಫೆಂಡರ್ ಅಲ್ಲ! ಮೋಟಾರ್ ಬೋಟಿಗೆ ದಪ್ಪ ಚೆಂಡು ಬೇಕಾ?

ಇವತ್ತಿನ ವಿಷಯ ಕೇಳಿ ನಗಬೇಡಿ. ಮೋಟಾರ್ ಬೋಟಿನ ಪಕ್ಕಕ್ಕೆ ನೇತುಹಾಕೋ ದಪ್ಪ ಗಾಳಿಚೆಂಡಿನ ಬಗ್ಗೆ ಮಾತಾಡೋಣ. ಅದಕ್ಕೆ ಬಾಲ್ ಫೆಂಡರ್ ಅಂತಾರೆ. ಬೋಟು ದಡಕ್ಕೆ ಬಂದಾಗ ಕಲ್ಲಿಗೆ ಗುದ್ದದ ಹಾಗೆ ನಡುವೆ ನಿಲ್ಲೋದು ಅದರ ಕೆಲಸ. ಅದು ಬೋಟಲ್ಲಿ ಇರಬೇಕಾ, ಇಲ್ಲಾ ಸುಮ್ಮನೆ ಜಾಗ ತಿನ್ನುತ್ತಾ ಅನ್ನೋದು ಪ್ರಶ್ನೆ.

ದಾವಣಗೆರೆಯಲ್ಲಿ ಕೂತು ಬೋಟಿನ ಮಾತು ಯಾಕೆ ಅಂತೀರಾ? ಸುಮಾರು 15 ಕಿಲೋಮೀಟರ್ ದೂರದಲ್ಲಿ ಹರಿಹರ, ಅಲ್ಲಿ ತುಂಗಭದ್ರೆ. ಮಲೆನಾಡಲ್ಲಿ ಮಳೆ ಹಿಡಿದರೆ ಗಾಜನೂರಿನ ತುಂಗಾ ಜಲಾಶಯ ಬೇಗ ತುಂಬುತ್ತೆ, ಗೇಟು ತೆಗೀತಾರೆ. ಆ ನೀರು ಕೂಡ್ಲಿಯಲ್ಲಿ ಭದ್ರೆಯ ಜೊತೆ ಸೇರಿ, ಹೊನ್ನಾಳಿ ದಾಟಿ ಹರಿಹರಕ್ಕೆ ಬರುತ್ತೆ. ಹೊನ್ನಾಳಿಯ ಬಾಲರಾಜ್ ಘಾಟ್, ಹರಿಹರದ ಗಂಗಾನಗರ, ಉಕ್ಕಡಗಾತ್ರಿ ಕಡೆಯ ರಸ್ತೆ, ಪ್ರವಾಹದ ಸುದ್ದಿಯಲ್ಲಿ ಈ ಹೆಸರುಗಳನ್ನ ನೀವು ಕೇಳಿಯೇ ಇರ್ತೀರಿ. ಆಗ ಬೋಟು ಶೋಕಿ ಅಲ್ಲ, ಜೀವದ ಪ್ರಶ್ನೆ.

ಎಲ್ಲಾ ಬೋಟಿಗೂ ಈ ಚೆಂಡು ಬೇಕಾಗಲ್ಲ. ನಮ್ಮ ಹಳೇ ತೆಪ್ಪ ತಗೊಳ್ಳಿ. ಬಿದಿರಿನ ಹೆಣಿಗೆ, ದುಂಡನೆ ಆಕಾರ. ಕಲ್ಲಿಗೆ ತಾಗಿದರೆ ಸ್ವಲ್ಪ ಬಳುಕಿ ತಿರುಗಿಕೊಳ್ಳುತ್ತೆ. ರಕ್ಷಣೆಗೆ ಬಳಸೋ ಗಾಳಿ ತುಂಬಿದ ರಬ್ಬರ್ ಬೋಟಿಗಂತೂ ಸುತ್ತಲಿನ ಟ್ಯೂಬೇ ಫೆಂಡರ್. ಅದಕ್ಕೆ ಗುದ್ದಿನ ಭಯಕ್ಕಿಂತ ಚೂಪಾದ ಕಬ್ಬಿಣ, ತಂತಿಬೇಲಿ, ಮುರಿದ ಕೊಂಬೆಯ ಭಯ ಜಾಸ್ತಿ. ಫೆಂಡರ್ ಬೇಕಾಗೋದು ಫೈಬರ್ ಮತ್ತು ಅಲ್ಯುಮಿನಿಯಂ ಬೋಟಿಗೆ.

ಒಂದು ಲೆಕ್ಕ ಹಾಕೋಣ. ಬೋಟು 300 ಕಿಲೋ, 60 ಕಿಲೋದ 6 ಜನ, ಮೋಟಾರು, ಪೆಟ್ರೋಲು ಎಲ್ಲಾ ಸೇರಿ 7 ಕ್ವಿಂಟಲ್ ಅಂದುಕೊಳ್ಳಿ. ನಡಿಗೆಯ ವೇಗದಲ್ಲಿ ಬಂದರೂ ಅದು 7 ಕ್ವಿಂಟಲ್ಲೇ. ದಡ ಹತ್ತಿರ ಬಂದಾಗ ನಾವೆಲ್ಲಾ ಮಾಡೋದೇನು? ಕೈ ಚಾಚಿ ಗೋಡೆ ತಳ್ತೀವಿ, ಇಲ್ಲಾ ಕಾಲು ಕೊಡ್ತೀವಿ. ಬೆರಳು ಜಜ್ಜೋದು, ಪಾದ ಸಿಕ್ಕಿಕೊಳ್ಳೋದು ಅಲ್ಲೇ. ನನ್ನ ಪ್ರಕಾರ ಫೆಂಡರಿನ ಮೊದಲ ಕೆಲಸ ಬೋಟಿನ ಬಣ್ಣ ಉಳಿಸೋದಲ್ಲ, ನಮ್ಮ ಕೈಕಾಲು ಉಳಿಸೋದು.

ಸರಿ, ಉದ್ದನೆ ಕೊಳವೆಯಂಥ ಫೆಂಡರೂ ಸಿಗುತ್ತಲ್ಲ, ಚೆಂಡೇ ಯಾಕೆ? ನೇರವಾದ ಕಟ್ಟೆಗೆ ಕೊಳವೆ ಸಾಕು. ಕುಂದವಾಡ ಕೆರೆಯಂಥ ನಿಂತ ನೀರಲ್ಲಿ ಬೋಟು ಬಿಟ್ಟರೂ ಅಷ್ಟೇ ಸಾಕು. ಹೊಳೆಯ ಘಾಟ್ ಹಾಗಲ್ಲ, ಅದು ಮೆಟ್ಟಿಲು. ನೀರು ಇವತ್ತು ಎಂಟನೇ ಮೆಟ್ಟಿಲಲ್ಲಿದ್ದರೆ ನಾಳೆ ಮೂರನೇದಕ್ಕೆ ಬಂದಿರುತ್ತೆ. ಕೊಳವೆಗೆ ಒರಗೋಕೆ ಗೋಡೆ ಇಲ್ಲ, ಜಾರಿ ಪಕ್ಕಕ್ಕೆ ಹೋಗುತ್ತೆ. ಚೆಂಡು ಯಾವ ಕಡೆ ಉರುಳಿದರೂ ದಪ್ಪ ಅಷ್ಟೇ ಇರುತ್ತೆ. ಹಾಗಾಗಿ ಮೆಟ್ಟಿಲಿಗೆ, ಒರಟು ಕಲ್ಲಿಗೆ, ಇನ್ನೊಂದು ಬೋಟಿನ ಪಕ್ಕ ನಿಲ್ಲೋಕೆ ಚೆಂಡೇ ವಾಸಿ.

ಹಾಗಂತ ದೊಡ್ಡದಾದಷ್ಟೂ ಒಳ್ಳೇದಾ? ಇಲ್ಲ. ಸಾಮಾನ್ಯ ಲೆಕ್ಕ ಹೀಗಿದೆ: ಬೋಟಿನ ಪ್ರತಿ 4 ರಿಂದ 5 ಅಡಿ ಉದ್ದಕ್ಕೆ ಚೆಂಡಿನ ಅಗಲ 2 ಇಂಚು. 16 ಅಡಿ ಬೋಟಿಗೆ 8 ಇಂಚು ಆಯ್ತು. ಕಲ್ಲು ಒರಟು ಅಂತ 10 ಅಥವಾ 12 ಇಂಚಿನದು ತಗೊಳ್ಳಿ. 18 ಇಂಚಿನದು ಇಟ್ಟರೆ ಒಬ್ಬರು ಕಾಲಿಡೋ ಜಾಗ ಹೋಯ್ತು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ದಪ್ಪ ಚೆಂಡು ಬೋಟನ್ನ ದಡದಿಂದ ದೂರ ನಿಲ್ಲಿಸುತ್ತೆ. ಆ ಒಂದೂವರೆ ಅಡಿ ಸಂದಿಯನ್ನ ನೀವು ದಾಟ್ತೀರಿ. ಮಗು ಎತ್ತಿಕೊಂಡ ಅಮ್ಮ, ಮಂಡಿನೋವಿನ ಅಜ್ಜಿ ದಾಟ್ತಾರಾ? ಗಂಗಾನಗರದಂಥ ಕಡೆ ಬೋಟಿಗೆ ಹತ್ತೋರಲ್ಲಿ ಅಂಥವರೇ ಇರ್ತಾರೆ.

ಹಳೇ ಟೈರ್ ಕಟ್ಟಿದರೆ ಆಗಲ್ವಾ ಅಂತ ಕೇಳ್ತೀರಿ. ಮಲ್ಪೆ ಬಂದರಿಗೆ ಹೋದವರು ಮೀನುಗಾರಿಕೆ ಬೋಟುಗಳ ಪಕ್ಕ ಟೈರ್ ಸಾಲು ನೋಡಿರ್ತೀರಿ. ದೊಡ್ಡ ಬೋಟಿಗೆ ಅದು ಸರಿ. ಪುಟ್ಟ ಬೋಟಿಗೆ ಟೈರು ಭಾರ. ಸವೆದ ಟೈರಿನ ಒಳಗಿನ ತಂತಿ ಹೊರಬಂದರೆ ಕೈ ಸೀಳುತ್ತೆ. ಹಗ್ಗ ಕಿತ್ತರೆ ಟೈರು ಮುಳುಗುತ್ತೆ, ಚೆಂಡು ತೇಲುತ್ತೆ. ಮನೆ ಪಕ್ಕ ಬಿಟ್ಟರೆ ಅದರಲ್ಲಿ ನಿಂತ ನೀರಲ್ಲಿ ಸೊಳ್ಳೆ ಸಂಸಾರ ಬೇರೆ!

ಚೆಂಡು ಇಟ್ಟುಕೊಳ್ಳೋರಿಗೆ ಮೂರು ಮಾತು. ಒಂದು, ಪಂಚರ್ ಅಂಗಡಿಯಲ್ಲಿ ಗಾಳಿ ಹಿಡಿಸಬೇಡಿ. ಕಾರಿನ ಟೈರಿಗೆ 30 ಪಿಎಸ್‌ಐ ಬೇಕು, ಇದಕ್ಕೆ ಸುಮಾರು 2 ಸಾಕು. ನಮ್ಮ ಬೇಸಿಗೆ ಬಿಸಿಲಿಗೆ ಒಳಗಿನ ಗಾಳಿ ಇನ್ನೂ ಹಿಗ್ಗುತ್ತೆ. ಕೈಪಂಪಲ್ಲಿ ಹಾಕಿ, ಒತ್ತಿದರೆ ಸ್ವಲ್ಪ ತಗ್ಗಬೇಕು. ಎರಡು, ಬೋಟು ಹೊರಟ ಕೂಡಲೇ ಒಳಗೆ ಎಳ್ಕೊಳ್ಳಿ. ಪ್ರವಾಹದಲ್ಲಿ ಕೊಂಬೆ, ಕಸ ತೇಲಿ ಬರುತ್ತೆ. ನೇತಾಡೋ ಚೆಂಡು ಅದಕ್ಕೆ ಸಿಕ್ಕಿಕೊಂಡರೆ ಬೋಟು ಓರೆಯಾಗುತ್ತೆ, ಹಗ್ಗ ಮೋಟಾರಿನ ರೆಕ್ಕೆಗೆ ಸುತ್ತಿಕೊಳ್ಳಬಹುದು. ಮೂರು, ದಡಕ್ಕೆ ಬರುವಾಗ ಮೂತಿ ಹರಿವಿಗೆ ಎದುರಾಗಿರಲಿ, ಚೆಂಡು ದಡದ ಕಡೆ ಇರಲಿ.

ಚೆಂಡು ತೇಲುತ್ತಲ್ಲ, ಲೈಫ್ ಜಾಕೆಟ್ ಯಾಕೆ ಅನ್ನೋರೂ ಇದ್ದಾರೆ. 12 ಇಂಚಿನ ಚೆಂಡಿಗೆ ಸುಮಾರು 14 ಕಿಲೋ ಎತ್ತೋ ಶಕ್ತಿ ಇದೆ, ನಿಜ. ಆದ್ರೆ ನುಣ್ಣನೆ ಚೆಂಡು, ಒದ್ದೆ ಕೈ, ಗಾಬರಿ ಮೂರೂ ಸೇರಿದರೆ ಹಿಡಿತ ಸಿಗಲ್ಲ. ಹಗ್ಗ ಕಟ್ಟಿ ಎಸೆಯೋಕೆ ಬರುತ್ತೆ, ಜಾಕೆಟ್ ಜಾಗಕ್ಕೆ ಬರಲ್ಲ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ವಾಪಸಾಗ್ತಿದ್ದ ಬೋಟು ಮಗುಚಿ 16 ಜನ ಸತ್ತರು. ಆಗ ಕೇಳಿದ್ದು ಎರಡೇ ಪ್ರಶ್ನೆ: ಎಷ್ಟು ಜನ ಹತ್ತಿದ್ದರು, ಜಾಕೆಟ್ ಎಲ್ಲಿತ್ತು?

ಹಾಗಾಗಿ ನನ್ನ ಉತ್ತರ ಇದು. ತುಂಗಭದ್ರೆಯಲ್ಲಿ ಓಡೋ ಸಣ್ಣ ಫೈಬರ್ ಬೋಟಿಗೆ 10–12 ಇಂಚಿನ ಎರಡು ಚೆಂಡು ಇರಲಿ. ದೈತ್ಯ ಚೆಂಡು ಬೇಡ. ಯಾರೋ ಕೊಟ್ಟಿದ್ದರೆ ಗಾಳಿ ಬಿಟ್ಟು ಮಡಚಿಡಿ. ದುಡ್ಡು ಕಮ್ಮಿ ಇದ್ದರೆ ಮೊದಲು ತಲೆಗೊಂದು ಜಾಕೆಟ್, ಆಮೇಲೆ ಗಟ್ಟಿ ಹಗ್ಗ, ಆಮೇಲೆ ಚೆಂಡು.

ನೀವು ಬೋಟು ನಡೆಸೋರಲ್ಲದೇ ಇರಬಹುದು. ಆದರೂ ಯಾವತ್ತಾದ್ರೂ ಹತ್ತೇ ಹತ್ತೀರಿ. ಹತ್ತೋ ಮುಂಚೆ ಜಾಕೆಟ್ ಕೇಳಿ. ದಡ ಬಂದಾಗ ಕೈ ಒಳಗಿಟ್ಟುಕೊಳ್ಳಿ.