ಮಣ್ಣು ಕೊಡುವುದು

ಮರಣವನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಆತ್ಮವೆಂದರೇನು, ಅದು ಎಲ್ಲಿಗೆ ಹೋಗುತ್ತದೆ ಎಂದು ತತ್ತ್ವವನ್ನು ವಿಚಾರಿಸುವುದು ಒಂದು. ಹುಟ್ಟಿದವನು ಸಾಯಲೇಬೇಕು, ಅತ್ತು ಫಲವೇನು ಎಂದು ಸಮಾಧಾನ ಹೇಳುವುದು ಇನ್ನೊಂದು. ಈ ಹೊತ್ತಿನ ನನ್ನ ವಿಷಯ ಇವೆರಡೂ ಅಲ್ಲ. ಸಾವು ಬಂದ ಮನೆಯಲ್ಲಿ ಉಳಿದವರು ಮುಂದಿನ ದಿನಗಳನ್ನು ಹೇಗೆ ಕಳೆಯುತ್ತಾರೆ, ಅದಕ್ಕೆ ನೆರೆಹೊರೆಯವರು ಹೇಗೆ ಒದಗುತ್ತಾರೆ ಎಂಬಷ್ಟನ್ನೇ ಕನ್ನಡ ನಾಡಿನ ಬಡಗಣ ತುದಿಯ ಒಂದು ಸೀಮೆಯ ನಿದರ್ಶನದಿಂದ ವಿವರಿಸಬೇಕೆಂದಿದ್ದೇನೆ.

ಆ ಸೀಮೆ ಬೀದರ. ಬೀದರ ಪಟ್ಟಣದ ಓಣಿಗಳಲ್ಲಿ ಕನ್ನಡದ ಜೊತೆಗೆ ದಖನಿ ಉರ್ದು ಕೇಳಿಬರುತ್ತದೆ. ಭಾಲ್ಕಿಯ ಕಡೆಗೂ ಔರಾದಿನ ಕಡೆಗೂ ಹೋದಂತೆ ಮರಾಠಿಯೂ ಬಂದು ಸೇರುತ್ತದೆ. ಆ ಕಡೆಯ ಕನ್ನಡಿಗನು ಅಂತ್ಯಸಂಸ್ಕಾರಕ್ಕೆ ಹೊರಟಾಗ ‘ಮಣ್ಣಿಗೆ ಹೋಗುತ್ತೇನೆ’ ಎನ್ನುತ್ತಾನೆ. ಹೋಗಿ ಮಾಡುವ ಕೆಲಸ ‘ಮಣ್ಣು ಕೊಡುವುದು’. ಉರ್ದು ಆಡುವವನ ಮಾತು ‘ಮಿಟ್ಟಿ ದೇನಾ’. ಮರಾಠಿಯವನು ‘ಮಾತೀಲಾ’ ಹೊರಟೆ ಎನ್ನುತ್ತಾನೆ. ಭಾಷೆ ಮೂರು, ಮಾತು ಒಂದೇ. ದುಃಖಿತರಿಗೆ ಬುದ್ಧಿ ಹೇಳಲು ಹೋಗುತ್ತೇನೆಂದು ಈ ಮೂವರಲ್ಲಿ ಯಾರೂ ಹೇಳುವುದಿಲ್ಲ. ಹಿಡಿ ಮಣ್ಣನ್ನು ತನ್ನ ಕೈಯಿಂದ ಹಾಕಿ ಬರುವುದೇ ಅವರು ಒಪ್ಪಿಕೊಂಡ ಕರ್ತವ್ಯ.

ಈ ಸೀಮೆಯ ಲಿಂಗಾಯತರಲ್ಲಿ ಸತ್ತವರನ್ನು ಲಿಂಗೈಕ್ಯರಾದರು ಎನ್ನುವರು. ಶರೀರವನ್ನು ಕುಳ್ಳಿರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು, ವಿಭೂತಿ ಪತ್ರೆಗಳೊಡನೆ ಸಮಾಧಿ ಮಾಡುವುದು ಪದ್ಧತಿ. ಹನ್ನೆರಡನೆಯ ಶತಮಾನದ ಶರಣರು ನಿರಾಕರಿಸಿದ ಪಂಚಸೂತಕಗಳಲ್ಲಿ ಮರಣಸೂತಕವೂ ಒಂದು. ಇದನ್ನು ಧರ್ಮಶಾಸ್ತ್ರದ ಒಂದು ಭಿನ್ನಾಭಿಪ್ರಾಯವೆಂದು ಮಾತ್ರ ತಿಳಿಯಬಾರದು. ಸೂತಕವಿಲ್ಲವೆಂದರೆ ಆ ಮನೆಯವರನ್ನು ಮುಟ್ಟಬಹುದು, ಅವರ ಮಗ್ಗುಲಲ್ಲಿ ಕುಳಿತುಕೊಳ್ಳಬಹುದು ಎಂದೇ ಅರ್ಥ. ಮನುಷ್ಯನಿಗೆ ಮನುಷ್ಯನು ಅತ್ಯಂತ ಬೇಕಾದ ಆ ದಿನಗಳಲ್ಲಿ ದೂರವಿರಬೇಕೆಂಬ ಕಟ್ಟನ್ನು ಈ ವಿಚಾರ ಸಡಿಲಿಸಿತು.

ಮುಸಲ್ಮಾನರಲ್ಲಿ ಶವವನ್ನು ಮೀಯಿಸಿ, ಬಿಳಿಯ ಬಟ್ಟೆಯಲ್ಲಿ ಸುತ್ತಿ, ಜನಾಜಾದ ಪ್ರಾರ್ಥನೆ ಮುಗಿಸಿ, ಬಂದವರು ಮೂರು ಮೂರು ಹಿಡಿ ಮಣ್ಣು ಹಾಕುತ್ತಾರೆ. ಸಾವಾದ ಮನೆಗೆ ಅಡಿಗೆ ಮಾಡಿ ಕಳುಹಿಸುವುದು ನೆರೆಯವರ ಧರ್ಮ. ಬಂಧುಗಳ ಶೋಕಕ್ಕೆ ಮೂರು ದಿನ. ವಿಧವೆಗಾದರೆ ನಾಲ್ಕು ತಿಂಗಳು ಹತ್ತು ದಿನ. ದಖನಿನ ರೂಢಿಯಲ್ಲಿ ಮೂರನೆಯ ದಿನದ ಜಿಯಾರತ್ತೂ ನಲವತ್ತನೆಯ ದಿನದ ಪ್ರಾರ್ಥನೆಯೂ ಉಂಟು. ದುಃಖಕ್ಕೆ ಹೀಗೆ ದಿನಗಳನ್ನು ಗೊತ್ತುಮಾಡುವುದು ಎಷ್ಟು ದೊಡ್ಡ ಉಪಕಾರವೆಂಬುದು ಅದನ್ನು ಅನುಭವಿಸಿದವರಿಗೇ ಗೊತ್ತು. ಎಲ್ಲೆಯಿಲ್ಲದ ಕಾಲವನ್ನು ದಾಟಲಾರದವಳು ಮೂರು ದಿನಗಳನ್ನು ದಾಟಬಲ್ಲಳು. ಆಮೇಲೆ ನಲವತ್ತನ್ನು ದಾಟಬಲ್ಲಳು.

ಇನ್ನು ತತ್ತ್ವದ ಮಾತು. ‘ಐಕ್ಯ’ವೆಂದರೆ ಒಂದಾಗುವುದು. ಸಂತರ ಪುಣ್ಯದಿನಕ್ಕೆ ಹೇಳುವ ‘ಉರುಸ್’ ಎಂಬ ಮಾತಿಗೆ ಮೂಲದ ಅರ್ಥ ಮದುವೆ. ಒಬ್ಬರು ಲಿಂಗದೊಡನೆ ಬೆರೆತರೆಂದರೆ, ಇನ್ನೊಬ್ಬರು ದೇವರನ್ನು ಕೂಡಿಕೊಂಡರೆಂದರು. ಬೀದರಕ್ಕೆ ಹತ್ತಿರದ ಅಷ್ಟೂರಿನಲ್ಲಿ ಈ ಎರಡು ಭಾವಗಳೂ ಒಂದೇ ಗೋರಿಯ ಮುಂದೆ ಕೂಡುತ್ತವೆ. 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹಮದ್ ಶಹನು ಮುಸಲ್ಮಾನರಿಗೆ ವಲೀ. ಆ ಕಡೆಯ ಲಿಂಗಾಯತರಿಗೆ ಅಲ್ಲಮಪ್ರಭುವಿನ ಅವತಾರ. ಅವನ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬಂದು ಪೂಜೆ ಸಲ್ಲಿಸುವ ಸಂಪ್ರದಾಯ ನಡೆದುಬಂದಿದೆ. ಸತ್ತವನು ಯಾರವನೆಂಬ ಜಗಳವನ್ನು ಆ ಜನ ಅಲ್ಲಿ ಹೂಡಲಿಲ್ಲ.

ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಮರಣವು ಮಿಲನವೆಂದು ನಂಬಿದ ಈ ಜನರೇ ಸತ್ತವರ ಮುಂದೆ ಅಳುತ್ತಾರೆ. ಹಳ್ಳಿಯ ಹೆಂಗಸರು ಸತ್ತವರ ಗುಣಗಳನ್ನು ಒಂದೊಂದಾಗಿ ಎತ್ತಿಕೊಂಡು ಹಾಡಿ ಅಳುತ್ತಾರೆ. ಗಂಡಸರು ಶವದ ಮುಂದೆ ರಾತ್ರಿಯೆಲ್ಲ ಭಜನೆ ಮಾಡುತ್ತಾರೆ. ನಂಬಿಕೆಗೂ ಕಣ್ಣೀರಿಗೂ ವಿರೋಧವಿದೆಯೆಂದು ಅವರು ಎಣಿಸಲಿಲ್ಲ. ಓದಿದ ನಾವು ಇಲ್ಲಿಯೇ ಎಡವುತ್ತೇವೆ. ಮಗುವನ್ನು ಮಣ್ಣು ಮಾಡಿ ಬಂದ ತಾಯಿಗೆ ಆತ್ಮವು ಅಮರವೆಂದು ಅಂದೇ ಬೋಧಿಸುವವನು, ಆಕೆಯ ಅಳು ನೋಡಲಾರದೆ ತನ್ನನ್ನೇ ಸಮಾಧಾನಪಡಿಸಿಕೊಳ್ಳುತ್ತಿರುತ್ತಾನೆ.

ಹೊಸ ಮನಶ್ಶಾಸ್ತ್ರವೂ ಇದಕ್ಕೆ ವಿರುದ್ಧವಾಗಿಲ್ಲ. ಶೋಕವು ರೋಗವಲ್ಲ, ಅದರ ನಡುವೆ ಕೈಹಾಕುವುದು ತರವಲ್ಲ ಎಂಬ ಅಭಿಪ್ರಾಯವನ್ನು ಫ್ರಾಯ್ಡನು 1917ರಲ್ಲಿಯೇ ಪ್ರಕಟಿಸಿದನು. ದುಃಖಕ್ಕೆ ಐದು ಮೆಟ್ಟಿಲುಗಳುಂಟೆಂಬ ಮಾತು ಈಗ ಎಲ್ಲೆಲ್ಲಿಯೂ ಕೇಳುತ್ತದೆ. ಆದರೆ 1969ರಲ್ಲಿ ಎಲಿಜಬೆತ್ ಕ್ಯೂಬ್ಲರ್ ರಾಸ್ ಅವನ್ನು ವರ್ಣಿಸಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು ಕಂಡು. ಉಳಿದವರೆಲ್ಲರೂ ಆ ಮೆಟ್ಟಿಲುಗಳನ್ನು ಕ್ರಮವಾಗಿ ಹತ್ತಲೇಬೇಕೆಂಬ ನಿಯಮವಿಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ, ಆರು ತಿಂಗಳಿಗೂ ಮೀರಿ, ಆಯಾ ಸಮಾಜದ ರೂಢಿಯನ್ನೂ ಮೀರಿ, ಬದುಕನ್ನೇ ನಿಲ್ಲಿಸಿಬಿಡುವ ಶೋಕಕ್ಕೆ ಮಾತ್ರ ಚಿಕಿತ್ಸೆ ಬೇಕೆನ್ನುವಂತೆ ಸ್ಥಾನ ಕೊಟ್ಟಿದೆ. ಅಂಥವರನ್ನು ವೈದ್ಯರ ಬಳಿಗೆ ಕರೆದೊಯ್ಯಲು ನಾಚಬೇಕಾದುದಿಲ್ಲ.

ಮಣ್ಣು ಕೊಡುವ ಅವಕಾಶವೇ ಇಲ್ಲದೆ ಹೋದರೆ? ಬೀದರ ಜಿಲ್ಲೆ ಅದನ್ನೂ ಕಂಡಿದೆ. 1948ರ ಮೇ ತಿಂಗಳಲ್ಲಿ ಗೋರ್ಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಹತ್ಯೆಯಲ್ಲಿ 200ಕ್ಕೂ ಹೆಚ್ಚು ಮಂದಿ ಮಡಿದರೆಂದು ಹೇಳುತ್ತಾರೆ. ಅದೇ ವರ್ಷದ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬಳಿಕ ಮುಸಲ್ಮಾನರ ಕೊಲೆಗಳು ನಡೆದವು; ಪಂಡಿತ ಸುಂದರಲಾಲರ ಸಮಿತಿ ಅತ್ಯಂತ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಎಣಿಸಿತು. ಆ ವರದಿ ಬಹುಕಾಲ ಪ್ರಕಟವಾಗಲಿಲ್ಲ. ಪ್ರಾಣಭಯದಿಂದ ಓಡುವವನಿಗೆ ಮೂರನೆಯ ದಿನವೆಲ್ಲಿ, ನಲವತ್ತನೆಯ ದಿನವೆಲ್ಲಿ? ಅತ್ತು ಮುಗಿಸಲಾಗದ ದುಃಖ ಮಕ್ಕಳಿಗೂ ಮೊಮ್ಮಕ್ಕಳಿಗೂ ಇಳಿಯುತ್ತದೆ. ಒಂದು ಕಡೆಯವರು ಇನ್ನೊಂದು ಕಡೆಯವರ ಸತ್ತವರನ್ನೂ ಸತ್ತವರೆಂದು ಒಪ್ಪಿಕೊಳ್ಳುವುದೇ, ಇಷ್ಟು ತಡವಾದ ಮೇಲೆ ನಾವು ಹಾಕಬಹುದಾದ ಹಿಡಿ ಮಣ್ಣು. 2020ರಲ್ಲಿ ಕೊರೋನಾ ಜಾಡ್ಯ ಬಂದಾಗ ಅಂತ್ಯಕ್ರಿಯೆಗೆ 20 ಜನರಿಗಿಂತ ಹೆಚ್ಚು ಸೇರಕೂಡದೆಂಬ ಕಟ್ಟಳೆಯಾಯಿತು. ಕಟ್ಟಳೆ ಅವಶ್ಯವಾಗಿದ್ದಿರಬಹುದು, ಆದರೆ ಆಗ ಮಣ್ಣಿಗೆ ಹೋಗಲಾರದವರ ಮನಸ್ಸಿನಲ್ಲಿ ಆ ಸಾಲ ಇನ್ನೂ ಉಳಿದಿದೆ.

ದುಃಖಕ್ಕೆ ಕೆಲಸದ ದಾರಿಯೂ ಒಂದುಂಟು. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು 1999ರಲ್ಲಿ ಲಿಂಗೈಕ್ಯರಾದರು. ಅವರ ಮಠದಲ್ಲಿ ಅನಾಥ ಮಕ್ಕಳನ್ನು ಸಾಕಿ ಓದಿಸುವ ಕಾರ್ಯ ಅವರ ತರುವಾಯವೂ ನಡೆಯಿತು. ಸತ್ತವರು ಹಿಡಿದಿದ್ದ ಕೆಲಸವನ್ನು ಕೈಗೆತ್ತಿಕೊಂಡವರಿಗೆ ಅವರ ನೆನಪು ಭಾರವಾಗುವುದಿಲ್ಲ.

ಆದುದರಿಂದ ಸಾವಿನ ಸುದ್ದಿ ಬಂದಾಗ ಏನು ಹೇಳಲೆಂದು ಯೋಚಿಸುತ್ತ ಮನೆಯಲ್ಲಿ ಉಳಿಯಬೇಡಿರಿ. ಹೋಗಿರಿ. ಮಾತು ತೋಚದಿದ್ದರೆ ಸುಮ್ಮನೆ ಕುಳಿತಿರಿ. ಊಟ ಒಯ್ಯಬಹುದಾದರೆ ಒಯ್ಯಿರಿ. ಅವರು ಸತ್ತವರ ಹೆಸರೆತ್ತಿದರೆ ಮಾತು ಮರೆಸದೆ ಕೇಳಿರಿ. ಬಂದವರೆಲ್ಲ ಹಿಂದಿರುಗಿ, ಮನೆ ಬರಿದಾಗಿ, ಇನ್ನು ದುಃಖ ತೀರಿತೆಂದು ಲೋಕ ತಿಳಿದುಕೊಂಡ ಎರಡನೆಯ ಮೂರನೆಯ ತಿಂಗಳಿನಲ್ಲಿ ಇನ್ನೊಮ್ಮೆ ಹೋಗಿ ಬನ್ನಿರಿ.